ಕ್ಲೇರ್‌ನಲ್ಲಿ ತಂಗಿ ಮದುವೆ: ರಿಸೆಪ್ಶನ್‌ಗೆ ಲೈವ್ ಬ್ಯಾಂಡ್ ಬೇಕೇ ಬೇಕಾ, ಡಿಜೆ ಸಾಕಾ?

ಹಾಸನ್_ಡಬ್ಲಿನ್:
ಎಲ್ರಿಗೂ ನಮಸ್ಕಾರ. ನನ್ನ ತಂಗಿ ಮದುವೆ ಬರೋ ಜೂನ್ ಕೊನೇ ವಾರ ಇಲ್ಲಿ ಐರ್ಲೆಂಡಿನ ಕ್ಲೇರ್ ಕೌಂಟೀಲಿ, ಎನ್ನಿಸ್‌ನಿಂದ ಸ್ವಲ್ಪ ದೂರ ಇರೋ ಒಂದು ಹೋಟೆಲಲ್ಲಿ. ಧಾರೆ ಹಾಸನದಲ್ಲಿ ಫೆಬ್ರವರೀಲೇ ಮುಗೀತು, ಇದು ಹುಡುಗನ ಕಡೆ ಪದ್ಧತಿ ಮದುವೆ. ಹುಡುಗ ಅಲ್ಲೇ ಪಕ್ಕದ ಹಳ್ಳಿಯವನು, ಅವರಪ್ಪ ಕಾನ್ಸರ್ಟೀನಾ (ಕೈಯಲ್ಲಿ ಹಿಡಿದು ತಿದಿ ಒತ್ತಿ ನುಡಿಸೋ ಚಿಕ್ಕ ವಾದ್ಯ) ನುಡಿಸ್ತಾರೆ, ಮನೇಲಿ ಎಲ್ರಿಗೂ ಒಂದಲ್ಲ ಒಂದು ವಾದ್ಯ ಬರುತ್ತೆ. ನಮ್ ಕಡೆಯಿಂದ 34 ಜನ ಬರ್ತಿದಾರೆ, ಅದ್ರಲ್ಲಿ ಹತ್ತು ಹನ್ನೊಂದು ಜನ ಅರವತ್ತು ದಾಟಿದವರು, ದೊಡ್ಡಮ್ಮಂಗೆ 74. ರಿಸೆಪ್ಶನ್ ಜವಾಬ್ದಾರಿ ಅರ್ಧ ನನ್ ತಲೆ ಮೇಲಿದೆ. ಐದು ಜನರ ಬ್ಯಾಂಡ್ ಒಂದು 2,800 ಯೂರೋ ಹೇಳಿದೆ, ಡಿಜೆ ಒಬ್ರೇ ಆದ್ರೆ 500. ನಮ್ಮನೆಯವರು ಡಿಜೆ ಸಾಕು ಅಂತಾರೆ, ತಂಗಿ ಬ್ಯಾಂಡ್ ಇಲ್ದೆ ಮದುವೇನೇ ಬೇಡ ಅಂತ ಕೂತಿದಾಳೆ. ನಂಗೆ ಭಯ ಏನಂದ್ರೆ ನಮ್ಮೋರೆಲ್ಲ ಗೋಡೆ ಪಕ್ಕ ಕುರ್ಚಿ ಹಾಕ್ಕೊಂಡು ಕೂತು ಅವರು ಮಾತ್ರ ಕುಣೀತಾ ಇರೋ ಹಾಗೆ ಆಗ್ಬಾರ್ದು. ನಾನು ಇಲ್ಲಿ ಹೋಗಿರೋದು ಎರಡೇ ಮದುವೆ, ಎರಡರಲ್ಲೂ ಹಾಗೇ ಆಯ್ತು. ಅನುಭವ ಇರೋರು ದಯವಿಟ್ಟು ಹೇಳಿ.

ಮೇಯೋ_ಸೊಸೆ:
ಅಕ್ಕ, ಮೊದ್ಲು ಶುಭಾಶಯ. ನಾನು ಶಿವಮೊಗ್ಗದವಳು, ಮೇಯೋಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ ಆಯ್ತು, ಹತ್ತಿರ ಹತ್ತಿರ ಮೂವತ್ತು ಮದುವೆ ನೋಡಿದೀನಿ.

ಇಲ್ಲಿ ಬ್ಯಾಂಡು ಡಿಜೆ ಎರಡೂ ಇರುತ್ತೆ, ಒಂದಾದ ಮೇಲೆ ಒಂದು. ದಿನದ ಲೆಕ್ಕ ಹೀಗೆ ನೋಡಿ, ಮಧ್ಯಾಹ್ನ ಒಂದೂವರೆ ಎರಡಕ್ಕೆ ಸೆರೆಮನಿ, ನಾಲ್ಕರ ಹೊತ್ತಿಗೆ ಹೋಟೆಲಲ್ಲಿ ಡ್ರಿಂಕ್ಸು, ಐದು ಐದೂವರೆಗೆ ಊಟಕ್ಕೆ ಕೂರಿಸ್ತಾರೆ, ಭಾಷಣಗಳು ಊಟಕ್ಕೆ ಮುಂಚೆನೋ ಆಮೇಲೋ, ಆಮೇಲೆ ಎಲ್ರನ್ನೂ ಆಚೆ ಕಳಿಸಿ ಟೇಬಲ್ ಸರಿಸಿ ಕುಣಿಯೋಕೆ ಜಾಗ ಮಾಡ್ತಾರೆ, ಒಂಬತ್ತು ಒಂಬತ್ತೂವರೆಗೆ ಹುಡುಗ ಹುಡುಗಿ ಫಸ್ಟ್ ಡ್ಯಾನ್ಸು, ಅಲ್ಲಿಂದ ಬ್ಯಾಂಡ್ ಎರಡು ಎರಡೂವರೆ ಗಂಟೆ, ಹನ್ನೆರಡು ದಾಟಿದ್ಮೇಲೆ ಡಿಜೆ, ಅವನು ಒಂದೂವರೆ ಎರಡರ ತನಕ. ನಡುವೆ ಹನ್ನೊಂದು ಗಂಟೆಗೆ ಚಹಾ, ಸ್ಯಾಂಡ್‌ವಿಚ್, ಸಣ್ಣ ಸಾಸೇಜು. ಊಟಕ್ಕೆ ಕರೀದೆ ರಾತ್ರಿಗೆ ಮಾತ್ರ ಕರೆದವರೂ ಇರ್ತಾರೆ, ಅದಕ್ಕೆ ಆಫ್ಟರ್ಸ್ ಅಂತಾರೆ, ಅವರು ಬರೋದೇ ಕುಣಿಯೋಕೆ. ಅದನ್ನ ಅವಮಾನ ಅಂದ್ಕೊಳಲ್ಲ ಯಾರೂ.

ಈಗ ನಿಮ್ಮ ಭಯದ ವಿಷಯ. ಜೂನಲ್ಲಿ ಇಲ್ಲಿಗೂ ಇಂಡಿಯಾಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಬ್ಯಾಂಡ್ ಒಂಬತ್ತೂವರೆಗೆ ಶುರು ಆದ್ರೆ ನಿಮ್ಮ ದೊಡ್ಡಮ್ಮನ ಮೈಗೆ ಅದು ರಾತ್ರಿ ಎರಡು ಗಂಟೆ. ಊರಿಂದ ಬಂದು ಮೂರೇ ದಿನ ಆಗಿರೋರು ಆಗ ಗೋಡೆ ಪಕ್ಕ ಕೂತ್ಕೊಳ್ದೆ ಇನ್ನೇನ್ ಮಾಡ್ತಾರೆ ಹೇಳಿ. ಅವರಿಗೆ ಕುಣಿಯೋಕೆ ನಾಚಿಕೆ ಅಂತ ನಾವು ಸುಮ್ನೆ ತಿಳ್ಕೊತೀವಿ, ಪಾಪ ಅವರಿಗೆ ನಿದ್ದೆ ಬಂದಿರುತ್ತೆ.

ಹುಬ್ಬಳ್ಳಿ_ಲಿಮೆರಿಕ್:
ಅಕ್ಕಾರ, ನಾ ಸ್ವಲ್ಪ ಬ್ಯಾರೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹ್ವಾದ ವರ್ಷ ನಮ್ಮ ದೋಸ್ತಂದು ಲಗ್ನ ಇತ್ತು ಇಲ್ಲೇ ಲಿಮೆರಿಕ್ ಹತ್ರ. ಮೂರು ಸಾವಿರ ಕೊಟ್ಟು ಬ್ಯಾಂಡ್ ತಂದಿದ್ರು. ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು, ಎರಡು ತಾಸು ಬರೇ ಎಂಬತ್ತು ತೊಂಬತ್ತರ ದಶಕದ ಇಂಗ್ಲಿಷ್ ರಾಕ್ ಹಾಡು. ಐರಿಷ್ ಮಂದಿ ಎಲ್ಲಾ ಬಾಯಿಪಾಠ ಹಾಡ್ಕೋತ ಜಿಗದ್ರು, ನಮ್ಮ ಮಂದಿಗೆ ಒಂದು ಹಾಡೂ ಗೊತ್ತಿರಲಿಲ್ಲ. ಹನ್ನೆರಡೂವರಿಗೆ ಡಿಜೆ ಕನ್ನಡ ಹಾಡು ಹಚ್ಚಿದಾಗ ಹುಡುಗನ ಅವ್ವ ಅಪ್ಪ ಸೈತ ರೂಮಿಗೆ ಹೋಗಿ ಮಲಗಿದ್ರು. ಆ ಮುದುಕ ಮರುದಿನ ಮುಂಜಾನೆ ಕೇಳ್ದ, ಮಗನ ಲಗ್ನದಾಗ ನಮ್ಮ ಹಾಡು ಒಂದೂ ಬರಲಿಲ್ಲಲ್ಲೋ ಅಂತ. ನನಗ ಇನ್ನೂ ಅದು ಮನಸಿನ್ಯಾಗ ಕುಂತದ. ಅದಕ್ಕ ನಾ ಹೇಳೂದು, ಆ 2,800 ಉಳಿಸ್ರಿ, ಛಲೋ ಡಿಜೆ ಒಬ್ಬನ್ನ ಹಿಡೀರಿ, ಒಂಬತ್ತಕ್ಕ ಶುರು ಮಾಡಸ್ರಿ, ಹತ್ತು ಹಾಡು ನಮ್ಮವು ಹತ್ತು ಹಾಡು ಅವರವು.

ಕುಡ್ಲ_ಗಾಲ್ವೇ:
ಬ್ಯಾಂಡ್ ಬೇಡ ಅಂತ ಮಾತ್ರ ಹೇಳಬೇಡಿ ಮಾರಾಯ್ರೆ. ನಾವು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ನಮ್ಮಲ್ಲಿ ಬ್ಯಾಂಡ್ ಇಲ್ಲದ ರಿಸೆಪ್ಶನ್ ಅಂದ್ರೆ ಉಪ್ಪಿಲ್ಲದ ಪದಾರ್ಥದ ಹಾಗೆ. ಮದುಮಕ್ಕಳು ಹಾಲಿಗೆ ಮಾರ್ಚ್ ಮಾಡಿಕೊಂಡು ಬರುವುದು, ಕೇಕು, ಟೋಸ್ಟು, ಮತ್ತೆ ವಾಲ್ಟ್ಸ್, ಮತ್ತೆ ಜೈವ್ ಅಂತ ಜೋಡಿ ಕುಣಿತಗಳು, ಕೊನೆಗೆ ಬೈಲಾ ಹಾಡು ಶುರು ಆದ್ರೆ ಊಟಕ್ಕೆ ಕರೆದ್ರೂ ಯಾರೂ ಬರುವುದಿಲ್ಲ. ನಾನು ನರ್ಸ್ ಆಗಿ ಇಲ್ಲಿಗೆ ಬಂದು 17 ವರ್ಷ ಆಯ್ತು. ಬಂದ ಮೊದಲ ವರ್ಷವೇ ವಾರ್ಡಿನ ಸಿಸ್ಟರ್ ಒಬ್ಬರ ಮದುವೆಗೆ ಹೋಗಿದ್ದೆ, ಹಾಲಿನ ಒಳಗೆ ಕಾಲಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು, ಮಂಗಳೂರಿನ ಬಿಜೈಯಲ್ಲಿ ಅಕ್ಕನ ಮದುವೆಯಲ್ಲಿ ಇದ್ದ ಹಾಗೇ ಆಯ್ತು ನನಗೆ.

ಒಂದು ವಿಷಯ ಹೇಳ್ತೇನೆ. ಇಲ್ಲಿನ ಪಶ್ಚಿಮ ಮತ್ತು ಉತ್ತರದ ಕೌಂಟಿಗಳಲ್ಲಿ, ಮೇಯೋ, ಡೊನೆಗಾಲ್, ಟೈರೋನ್ ಆ ಕಡೆ, ಕಂಟ್ರಿ ಹಾಡಿಗೆ ಜೈವ್ ಮಾಡುವುದು ಅಂದ್ರೆ ಜನಕ್ಕೆ ಪ್ರಾಣ. ಜೈವ್ ಕಲಿಸುವ ಕ್ಲಾಸುಗಳೇ ಉಂಟು. ನನ್ನ ಅಪ್ಪ 2016ರಲ್ಲಿ ಇಲ್ಲಿಗೆ ಬಂದಿದ್ದಾಗ ಒಂದು ಮದುವೆಗೆ ಕರೆದುಕೊಂಡು ಹೋದೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮದುಮಗಳ ಅತ್ತೆ ಒಬ್ಬರು ಬಂದು ಕೈ ಚಾಚಿದರು, ಅಪ್ಪ ಎದ್ದರು, ಎರಡು ಸುತ್ತಿಗೆ ಇಬ್ಬರ ಹೆಜ್ಜೆಯೂ ಒಂದಾಯಿತು. ಆ ಹೆಂಗಸು ಅಪ್ಪನ ಹತ್ತಿರ ಎಲ್ಲಿ ಕಲಿತದ್ದು ಅಂತ ಕೇಳಿದ್ರೆ ಅಪ್ಪ ‘ಮ್ಯಾಂಗಲೋರ್’ ಅಂದ್ರು, ಅಷ್ಟೇ. ಮಾತಿಲ್ಲದೆ ಒಂದು ಗಂಟೆ ಕುಣಿದ್ರು. ಅದನ್ನು ಡಿಜೆ ಮಾಡಿಸ್ತಾನಾ? ಬ್ಯಾಂಡಿನವರು ಅವರಿಬ್ಬರನ್ನು ನೋಡಿ ಅದೇ ಹಾಡನ್ನು ಇನ್ನೆರಡು ಸಲ ಎಳೆದ್ರು. ಕುಣಿಯುವವರ ಮುಖ ನೋಡಿ ನುಡಿಸುವುದು ಅಂತ ಒಂದು ಉಂಟಲ್ಲ.

ಪಿಟೀಲು_ಕಾರ್ಕ್:
ಹುಬ್ಬಳ್ಳಿ ಅವರು ಹೇಳಿದ್ದು ನಿಜ, ಅಂಥ ಮದುವೆ ನಾನೂ ನೋಡಿದೀನಿ. ಆದ್ರೆ ಅಲ್ಲಿ ತಪ್ಪಾಗಿದ್ದು ಬ್ಯಾಂಡ್ ಕರೆಸಿದ್ದಲ್ಲ, ಯಾವ ಥರ ಬ್ಯಾಂಡು ಅಂತ ಮುಂಚೆ ಕೇಳದೇ ಇದ್ದಿದ್ದು. ‘ವೆಡಿಂಗ್ ಬ್ಯಾಂಡ್’ ಅಂದ್ರೆ ಇಲ್ಲಿ ಸಾಮಾನ್ಯವಾಗಿ ಕವರ್ ಬ್ಯಾಂಡು, ಅಂದ್ರೆ ಬೇರೆಯವರ ಹಿಟ್ ಹಾಡು ನುಡಿಸೋರು. ಅದರ ಬೇರು ಇರೋದು ಶೋಬ್ಯಾಂಡ್ ಕಾಲದಲ್ಲಿ. 1950ರ ದಶಕದ ಕೊನೆಯಿಂದ 70ರ ದಶಕದ ತನಕ ಊರೂರಲ್ಲಿ ದೊಡ್ಡ ಬಾಲ್‌ರೂಮ್‌ಗಳಿದ್ವು, ವಾಟರ್‌ಫರ್ಡ್‌ನ ರಾಯಲ್ ಶೋಬ್ಯಾಂಡ್ ಥರದವರು ಸೂಟು ಹಾಕ್ಕೊಂಡು ರೇಡಿಯೋದಲ್ಲಿ ಬರೋ ಹಿಟ್ ಹಾಡು, ಕಂಟ್ರಿ, ವಾಲ್ಟ್ಸ್, ನಡುವೆ ಒಂದೆರಡು ಕೇಲೀ ಡ್ಯಾನ್ಸು (ಇಲ್ಲಿನ ಸಾಂಪ್ರದಾಯಿಕ ಕುಣಿತ) ಎಲ್ಲಾ ಒಂದೇ ರಾತ್ರೀಲಿ ನುಡಿಸ್ತಿದ್ರು. ಎಲ್ಲಾ ವಯಸ್ಸಿನವರಿಗೂ ಏನಾದ್ರೂ ಒಂದು ಕೊಡ್ಬೇಕು ಅನ್ನೋ ಆ ಅಭ್ಯಾಸ ಮದುವೆ ಬ್ಯಾಂಡಲ್ಲಿ ಈಗ್ಲೂ ಇದೆ. ಹಂಗಾಗಿ ಕೇಳಿದ್ರೆ ಕೊಡ್ತಾರೆ, ಕೇಳ್ದೆ ಇದ್ರೆ ಅವರ ಮಾಮೂಲಿ ಲಿಸ್ಟು.

ನೀವು ಕ್ಲೇರ್‌ನಲ್ಲಿ ಮದುವೆ ಮಾಡ್ತಿದೀರಿ, ಅದು ಮರೀಬೇಡಿ. ಇದು ಕಿಲ್‌ಫೆನೋರಾ ಕೇಲೀ ಬ್ಯಾಂಡ್ 1909ರಲ್ಲಿ ಹುಟ್ಟಿದ ಕೌಂಟಿ, ತುಲ್ಲಾ ಕೇಲೀ ಬ್ಯಾಂಡ್ 1946ರಲ್ಲಿ. ಪ್ರತಿ ಜುಲೈ ಮಿಲ್‌ಟೌನ್ ಮಾಲ್ಬೇಯಲ್ಲಿ ಪೈಪ್ ವಾದಕ ವಿಲ್ಲಿ ಕ್ಲಾನ್ಸಿ ಹೆಸರಲ್ಲಿ ಒಂದು ವಾರ ಸಂಗೀತ ಶಾಲೆ ನಡೆಯುತ್ತೆ, 1973ರಿಂದ. ನಾನು ಆರು ಸಲ ಹೋಗಿದೀನಿ, ಬೀದೀಲಿ ಅಡುಗೆಮನೇಲಿ ಎಲ್ಲಿ ನೋಡಿದ್ರೂ ಫಿಡಲ್ಲು, ಕಾನ್ಸರ್ಟೀನಾ. ಹುಡುಗನ ತಂದೇನೇ ಕಾನ್ಸರ್ಟೀನಾ ನುಡಿಸ್ತಾರೆ ಅಂದ್ರೆ ಅವರ ಸ್ನೇಹಿತರಲ್ಲಿ ಫಿಡಲ್, ಫ್ಲೂಟ್ ನುಡಿಸೋರು ಖಂಡಿತ ಇರ್ತಾರೆ.

ನನ್ನ ಸಲಹೆ ಇದು. ಕೇಲೀ ಡ್ಯಾನ್ಸನ್ನ ರಾತ್ರಿಗೆ ಇಡಬೇಡಿ. ನಾಲ್ಕರಿಂದ ಐದರ ತನಕ, ಜನ ಸುಮ್ನೆ ಗ್ಲಾಸ್ ಹಿಡ್ಕೊಂಡು ಫೋಟೋಗೆ ಕಾಯ್ತಾ ನಿಂತಿರೋ ಟೈಮಲ್ಲಿ ಇಡಿ. ಮೂರು ವಾದ್ಯ, ಜೊತೆಗೆ ಹೆಜ್ಜೆ ಹೇಳಿಕೊಡೋ ಕಾಲರ್ ಒಬ್ರು. ಕಾಲರ್ ಇಲ್ದೆ ಮಾತ್ರ ಮಾಡಬೇಡಿ.

ಹಾಸನ್_ಡಬ್ಲಿನ್:
ಸರ್, ಕೇಲೀ ಅಂದ್ರೆ ಆ ಕೈ ಎರಡೂ ಕೆಳಗೆ ಬಿಟ್ಕೊಂಡು ಕಾಲು ಮಾತ್ರ ಪಟಪಟ ಆಡಿಸ್ತಾರಲ್ಲ ಅದಾ? ಅದು ನಮ್ಮೋರಿಗೆ ಒಂದು ಗಂಟೇಲಿ ಬರುತ್ತಾ? ಇನ್ನೊಂದು, ನಮ್ಮ ಅತ್ತೆಯರು ಇಬ್ರು ಈಗ್ಲೇ ಕೇಳಿದಾರೆ, ಪರಿಚಯ ಇಲ್ಲದ ಗಂಡಸರ ಕೈ ಹಿಡ್ಕೊಬೇಕಾ ಅಂತ. ಇದನ್ನ ಚಿಕ್ಕ ವಿಷಯ ಅಂದ್ಕೊಬೇಡಿ, ಅವರು ಮುಜುಗರ ಪಟ್ಕೊಂಡ್ರೆ ನಂಗೂ ಖುಷಿ ಇರಲ್ಲ.

ಪಿಟೀಲು_ಕಾರ್ಕ್:
ನೀವು ಹೇಳ್ತಿರೋದು ಸ್ಟೆಪ್ ಡ್ಯಾನ್ಸ್, ಸ್ಪರ್ಧೆಗೆ ವರ್ಷಗಟ್ಟಲೆ ಕಲಿಯೋದು, ಅದಕ್ಕೂ ಇದಕ್ಕೂ ಸಂಬಂಧ ಇದ್ರೂ ಇದು ಬೇರೆ. ಕೇಲೀ ಡ್ಯಾನ್ಸ್ ಗುಂಪಲ್ಲಿ ಮಾಡೋದು, ನಡೆಯೋಕೆ ಬಂದ್ರೆ ಸಾಕು. ನಮ್ಮೋರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂದ್ರೆ ಕೋಲಿಲ್ಲದ ಕೋಲಾಟ.

ಎರಡು ಡ್ಯಾನ್ಸ್ ಸಾಕು. ಒಂದು ‘ವಾಲ್ಸ್ ಆಫ್ ಲಿಮೆರಿಕ್’. ಎರಡು ಜೋಡಿ ಎದುರುಬದುರು ನಿಲ್ತಾರೆ. ಎರಡು ಸಲ ಮುಂದೆ ಬಂದು ಹಿಂದೆ ಹೋಗೋದು, ಹೆಂಗಸರಿಬ್ರು ಜಾಗ ಬದಲಿಸೋದು, ಗಂಡಸರಿಬ್ರು ಜಾಗ ಬದಲಿಸೋದು, ಎದುರಿನವರ ಕೈ ಹಿಡಿದು ಪಕ್ಕಕ್ಕೆ ಹೋಗಿ ವಾಪಸ್ ಬರೋದು, ಒಂದು ಸುತ್ತು ತಿರುಗಿ ಮುಂದಿನ ಹೊಸ ಜೋಡಿಗೆ ಮುಖ ಮಾಡೋದು. ಅಷ್ಟೇ, ಮತ್ತೆ ಮೊದಲಿಂದ. ಇನ್ನೊಂದು ‘ಸೀಜ್ ಆಫ್ ಎನ್ನಿಸ್’, ನಿಮ್ಮೂರಿಂದೇ ಹೆಸರು. ನಾಲ್ಕು ಜನದ ಸಾಲು ನಾಲ್ಕು ಜನದ ಸಾಲಿಗೆ ಎದುರು, ಕೊನೇಲಿ ಒಂದು ಸಾಲಿನವರು ಕೈ ಕೈ ಹಿಡಿದು ಮೇಲೆತ್ತಿ ಕಮಾನು ಮಾಡ್ತಾರೆ, ಇನ್ನೊಂದು ಸಾಲು ಅದರ ಕೆಳಗೆ ನುಗ್ಗಿ ಆ ಕಡೆ ಇರೋ ಹೊಸ ಸಾಲಿಗೆ ಎದುರಾಗುತ್ತೆ. ಹತ್ತು ನಿಮಿಷದಲ್ಲಿ ಹಾಲಲ್ಲಿರೋ ಅರ್ಧ ಜನರ ಮುಖ ಎದುರಿಗೆ ಬಂದು ಹೋಗಿರುತ್ತೆ. ಹುಡುಗನ ಕಡೆಯವರು ಹುಡುಗಿ ಕಡೆಯವರು ಅನ್ನೋ ಗೆರೆ ಅಲ್ಲೇ ಅಳಿಸಿ ಹೋಗುತ್ತೆ, ಅದನ್ನ ಯಾವ ಭಾಷಣಾನೂ ಮಾಡಲ್ಲ.

ತಾಳದ ವಿಷಯ ನಂಗೆ ಇಷ್ಟ, ಹಾಗಾಗಿ ಬರೀತೀನಿ, ಬೇಡ ಅನ್ನೋರು ಬಿಟ್ಟು ಮುಂದೆ ಓದಿ. ನಾನು ಮೈಸೂರಲ್ಲಿ ಹನ್ನೆರಡು ವರ್ಷ ಪಿಟೀಲು ಪಾಠ ಮಾಡ್ಕೊಂಡು ಬಂದವನು. ಇಲ್ಲಿ ಮೊದಲ ಸಲ ಪಬ್ ಸೆಷನ್‌ನಲ್ಲಿ (ಎಲ್ರೂ ಸೇರಿ ಕೂತು ನುಡಿಸೋದು) ಕೂತಾಗ ಜಿಗ್ ಅನ್ನೋ ಥರದ ಟ್ಯೂನ್ ಕೇಳಿದ ತಕ್ಷಣ ಬಾಯಲ್ಲಿ ಬಂದಿದ್ದು ತಕಿಟ ತಕಿಟ. ಆರೆಂಟರ ಅಳತೆ, ಮೂರು ಮೂರು. ರೀಲ್ ಅಂದ್ರೆ ತಕದಿಮಿ ತಕದಿಮಿ, ಓಡ್ತಾನೇ ಇರುತ್ತೆ. ಸ್ಲಿಪ್ ಜಿಗ್ ಅಂತ ಇನ್ನೊಂದಿದೆ, ಒಂಬತ್ತೆಂಟು, ಮೂರು ತಕಿಟ. ಟ್ಯೂನ್‌ಗಳು ಚಿಕ್ಕವು, ಎಂಟು ಬಾರ್‌ನ (ಬಾರ್ ಅಂದ್ರೆ ತಾಳದ ಒಂದು ಆವರ್ತ) ಒಂದು ಭಾಗ ಎರಡು ಸಲ, ಇನ್ನೊಂದು ಭಾಗ ಎರಡು ಸಲ, ಒಟ್ಟು 32 ಬಾರ್. ಡ್ಯಾನ್ಸಿನ ಚಲನೆಗಳು ಆ ಎಂಟು ಬಾರ್‌ಗೆ ಸರಿಯಾಗಿ ಕೂತಿರುತ್ತೆ, ಟ್ಯೂನ್ ತಿರುಗಿದಾಗ ಕಾಲೂ ತಿರುಗುತ್ತೆ. ವಾಲ್ಸ್ ಆಫ್ ಲಿಮೆರಿಕ್ ರೀಲ್‌ಗೆ, ಸೀಜ್ ಆಫ್ ಎನ್ನಿಸ್ ಜಿಗ್‌ಗೆ. ಭರತನಾಟ್ಯ ಕಲಿತ ಹುಡುಗೀರು ಯಾರಾದ್ರೂ ನಿಮ್ಮ ಕಡೆ ಇದ್ರೆ ಕಾಲರ್ ಬಾಯಿ ತೆಗೆಯೋ ಮುಂಚೇನೇ ಹಿಡ್ಕೊಬಿಡ್ತಾರೆ.

ಮೇಯೋ_ಸೊಸೆ:
ಕೈ ಹಿಡಿಯೋ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ. ಇಲ್ಲಿ ಹೆಂಗಸರು ಹೆಂಗಸರು ಜೋಡಿಯಾಗಿ ಕುಣಿಯೋದು ತೀರಾ ಮಾಮೂಲು, ಹಳ್ಳಿ ಮದುವೇಲಿ ಅರ್ಧ ಜೋಡಿ ಹಾಗೇ ಇರುತ್ತೆ, ಯಾಕಂದ್ರೆ ಗಂಡಸರು ಬಾರ್ ಬಿಟ್ಟು ಏಳೋದೇ ಇಲ್ಲ. ನಿಮ್ಮ ಅತ್ತೆಯರಿಬ್ರೂ ಒಂದು ಜೋಡಿ ಆಗ್ಲಿ. ಸೀಜ್ ಆಫ್ ಎನ್ನಿಸ್‌ನಲ್ಲಿ ನಾಲ್ಕೂ ಜನ ಹೆಂಗಸರೇ ಇರೋ ಸಾಲು ಮಾಡಬಹುದು. ಸುತ್ತು ತಿರುಗುವಾಗ ಸೊಂಟ ಹಿಡೀಬೇಕು ಅಂತೇನಿಲ್ಲ, ಕೈ ಕತ್ತರಿ ಮಾಡಿ ಹಿಡ್ಕೊಂಡ್ರೆ ಆಯ್ತು. ಕಾಲರ್‌ಗೆ ಒಂದು ಮಾತು ಮುಂಚೆ ಹೇಳಿ, ಅವರೇ ಎಲ್ರಿಗೂ ಹಾಗೆ ಹೇಳಿಕೊಡ್ತಾರೆ, ಯಾರಿಗೂ ಬೇರೆ ಅನ್ಸಲ್ಲ.

ಸೀರೆ ಬಗ್ಗೆ: ಸೆರಗು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ, ನೆರಿಗೆ ಒಂದು ಅಂಗುಲ ಮೇಲೆ ಉಡಿಸಿ. ಹೋಟೆಲಿನ ಮರದ ನೆಲ ಜಾರುತ್ತೆ, ಹೊಸ ಚಪ್ಪಲಿ ಬೇಡ್ವೇ ಬೇಡ.

ಮತ್ತೆ ನಿಮ್ಮ ಬೀಗರ ಹತ್ರ ಸ್ಟ್ರಾಬಾಯ್ಸ್ ಬರ್ತಾರಾ ಅಂತ ಕೇಳಿಟ್ಕೊಳಿ. ಪಶ್ಚಿಮದ ಕೌಂಟಿಗಳಲ್ಲಿ ಹಳೇ ಪದ್ಧತಿ ಇದು, ತಲೆಯಿಂದ ಕುತ್ತಿಗೆ ತನಕ ಮುಚ್ಚೋ ಒಣಹುಲ್ಲಿನ ಎತ್ತರದ ಟೋಪಿ ಹಾಕ್ಕೊಂಡು ಯಾರು ಅಂತ ಗೊತ್ತಾಗದ ಹಾಗೆ ಕರೆಯದೇನೇ ಮದುವೆ ಮನೆಗೆ ಬರೋದು, ಮದುಮಗಳ ಜೊತೆ ಒಂದು ಸುತ್ತು ಕುಣಿದು ಹೋಗೋದು, ಅವರು ಬಂದ್ರೆ ಮದುವೆಗೆ ಒಳ್ಳೇದಾಗುತ್ತೆ ಅಂತ ನಂಬಿಕೆ. ಈಗ ಎಲ್ಲಾ ಕಡೆ ಇಲ್ಲ. ನನ್ನ ಮದುವೇಲಿ ಬಂದ್ರು. ನಂಗೆ ಯಾರೂ ಹೇಳಿರ್ಲಿಲ್ಲ, ನಮ್ಮಜ್ಜಿಗಂತೂ ಏನೂ ಗೊತ್ತಿಲ್ಲ, ಬಾಗಿಲು ತೆಗೆದು ಎಂಟು ಜನ ಹುಲ್ಲಿನ ತಲೆಯವರು ಒಳಗೆ ನುಗ್ಗಿದ್ದು ನೋಡಿ ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡುಬಿಟ್ರು. ಆಮೇಲೆ ಅದರಲ್ಲೊಬ್ಬ ಅಜ್ಜಿ ಎದುರು ಬಗ್ಗಿ ನಮಸ್ಕಾರ ಮಾಡಿ ಕೈ ಚಾಚ್ದ. ಅಜ್ಜಿ ಎದ್ದು ನಾಲ್ಕು ಹೆಜ್ಜೆ ಹಾಕಿದ್ರು. ಅಜ್ಜಿ ಈಗಿಲ್ಲ. ಆ ಫೋಟೋ ನಮ್ಮನೆ ಹಾಲಲ್ಲಿದೆ.

ಹುಬ್ಬಳ್ಳಿ_ಲಿಮೆರಿಕ್:
ಚಂದ ಬರದೀರಿ ಅಕ್ಕಾರ. ಆದ್ರ ನನ್ನ ಪ್ರಶ್ನೆ ಹಂಗ ಉಳೀತು. ಕೇಲೀ ಸರಿ, ಅದು ಅವರ ಕುಣಿತ, ನಾವು ಕಲೀತೀವಿ, ಖುಷೀಲೆ ಕಲೀತೀವಿ. ನಮ್ಮದು ಅವರು ಯಾವಾಗ ಕಲೀಬೇಕು? ಲಗ್ನ ಎರಡೂ ಮನಿದು ಅಲ್ಲೇನ್ರಿ?

ಪಿಟೀಲು_ಕಾರ್ಕ್:
ಇದು ನ್ಯಾಯವಾದ ಮಾತು. ಬ್ಯಾಂಡ್‌ನಲ್ಲಿ ಫಿಡಲ್ ಅಥವಾ ಕೀಬೋರ್ಡ್ ನುಡಿಸೋರು ಇದ್ರೆ ಒಂದು ಕನ್ನಡ ಹಾಡಿನ ರೆಕಾರ್ಡಿಂಗ್ ಎರಡು ತಿಂಗಳು ಮುಂಚೆ ಕಳಿಸಿ. ಇಲ್ಲಿನ ಸಂಪ್ರದಾಯದವರು ಸ್ವರ ಬರೆದಿದ್ದು ನೋಡಿ ಕಲಿಯೋದು ಕಡಿಮೆ, ಕಿವೀಲಿ ಕೇಳಿ ಹಿಡೀತಾರೆ, ನಮ್ಮ ಪಾಠದ ಹಾಗೇ. ಸಾಹಿತ್ಯ ಹಾಡಿಸೋಕೆ ಹೋಗ್ಬೇಡಿ, ಮಟ್ಟು ಸಾಕು. ಗಮಕ ಜಾಸ್ತಿ ಇರೋ ಹಾಡು ಬೇಡ, ಜಾನಪದ ಧಾಟೀದು ಆರಿಸಿ, ಅದು ಫಿಡಲ್ ಮೇಲೆ ಚೆನ್ನಾಗಿ ಕೂರುತ್ತೆ.

ಬ್ಯಾಂಡ್ ಬುಕ್ ಮಾಡೋ ಮುಂಚೆ ಕೇಳೋದು: ಎಷ್ಟು ಗಂಟೆ ನುಡಿಸ್ತಾರೆ, ಆ ಗಂಟೆ ಯಾವಾಗಿಂದ ಲೆಕ್ಕ. ಭಾಷಣ ಉದ್ದ ಆದ್ರೆ ಆ ನಷ್ಟ ನಿಮ್ಮದೇ, ಅವರು ಕಾಂಟ್ರಾಕ್ಟ್ ಟೈಮಿಗೆ ನಿಲ್ಲಿಸ್ತಾರೆ. ಅವರಿಗೆ ಬಿಸಿ ಊಟ ಕೊಡಬೇಕು ಅಂತ ಬಹಳಷ್ಟು ಕಾಂಟ್ರಾಕ್ಟಲ್ಲಿ ಬರೆದಿರುತ್ತೆ, ಬರೆದಿಲ್ಲ ಅಂದ್ರೂ ಕೊಡಿ.

ದುಡ್ಡಿನ ಬಗ್ಗೆ ಒಂದೇ ಮಾತು. ಐದು ಜನ, ವ್ಯಾನು, ಸೌಂಡ್ ಸಿಸ್ಟಮ್ಮು, ಸಂಜೆ ಆರಕ್ಕೆ ಬಂದು ರಾತ್ರಿ ಎರಡಕ್ಕೆ ಹೊರಡೋದು, ಮನೆ ಸೇರೋದು ನಾಲ್ಕಕ್ಕೆ. 2,800 ಹಂಚಿದ್ರೆ ಏನು ಉಳಿಯುತ್ತೆ ನೋಡಿ. ಕೋವಿಡ್‌ನಲ್ಲಿ ಇವರು ಪಟ್ಟ ಪಾಡು ಹತ್ತಿರದಿಂದ ನೋಡಿದೀನಿ. 2021ರ ಆಗಸ್ಟಲ್ಲಿ ಮದುವೆಗೆ 100 ಜನ ಸೇರಬಹುದು ಅಂದಾಗ್ಲೂ ಲೈವ್ ಸಂಗೀತಕ್ಕೆ ಸೆಪ್ಟೆಂಬರ್ ತನಕ ಬಿಡ್ಲಿಲ್ಲ. ನನ್ನ ಜೊತೆ ಸೆಷನ್‌ನಲ್ಲಿ ಕೂರ್ತಿದ್ದ ಇಬ್ರು ಆಗ ಬಿಟ್ಟವರು ಮತ್ತೆ ವಾದ್ಯ ಮುಟ್ಟಿಲ್ಲ.

ಕುಡ್ಲ_ಗಾಲ್ವೇ:
ಇದೇ ದೇಶದಲ್ಲಿ ಮನೆಯಲ್ಲಿ ಕುಣಿಯುವುದಕ್ಕೂ ಒಂದು ಕಾಲದಲ್ಲಿ ಕಷ್ಟ ಇತ್ತು ಅಂತ ನನ್ನ ಮನೆ ಓನರ್ ಅಜ್ಜ ಹೇಳ್ತಿದ್ರು. ಅಡುಗೆಮನೆಯಲ್ಲಿ ಫಿಡಲ್ ನುಡಿಸಿ ಊರವರೆಲ್ಲ ಸೇರಿ ಕುಣಿಯುತ್ತಿದ್ದರಂತೆ, ಪಾದ್ರಿಗಳೂ ಗಾರ್ಡಾ ಪೊಲೀಸರೂ ಬಂದು ನಿಲ್ಲಿಸಿದ ಕಥೆ ಹೇಳ್ತಿದ್ರು. ಪಿಟೀಲು ಸರ್‌ಗೆ ಗೊತ್ತಿರಬಹುದು.

ಪಿಟೀಲು_ಕಾರ್ಕ್:
ಹೌದು, 1935ರ ಪಬ್ಲಿಕ್ ಡ್ಯಾನ್ಸ್ ಹಾಲ್ಸ್ ಕಾಯ್ದೆ. ಸಾರ್ವಜನಿಕವಾಗಿ ಕುಣಿಯೋಕೆ ಡಿಸ್ಟ್ರಿಕ್ಟ್ ಕೋರ್ಟಿಂದ ಲೈಸೆನ್ಸ್ ಬೇಕು ಅಂತ ಬಂತು, ಅದನ್ನ ಮನೆ ಕುಣಿತದ ಮೇಲೂ ಎಷ್ಟೋ ಕಡೆ ಹೇರಿದ್ರು. ಜನ ಅಡುಗೆಮನೆ ಬಿಟ್ಟು ಚರ್ಚಿನ ಹಾಲ್‌ಗಳಿಗೆ ಬಂದ್ರು, ದೊಡ್ಡ ಹಾಲ್‌ನಲ್ಲಿ ಒಂದು ಫಿಡಲ್ ಕೇಳಲ್ಲ ಅಂತ ಪಿಯಾನೋ ಡ್ರಮ್ಸು ಸೇರಿದ ಕೇಲೀ ಬ್ಯಾಂಡ್‌ಗಳು ಬಲವಾದ್ವು. ಕ್ಲೇರ್‌ನ ಹಳಬರು ಆ ಕಾಯ್ದೆ ಹೆಸರೆತ್ತಿದ್ರೆ ಇವತ್ತಿಗೂ ಮುಖ ಗಂಟಿಕ್ತಾರೆ. ಅಷ್ಟೆಲ್ಲಾ ಆಗಿಯೂ ಉಳಿದಿದೆಯಲ್ಲ ಈ ಕುಣಿತ.

ಹಾಸನ್_ಡಬ್ಲಿನ್:
ಬೀಗರ ಜೊತೆ ನಿನ್ನೆ ಮಾತಾಡಿದೆ. ಮಧ್ಯಾಹ್ನದ ಕೇಲೀ ಅಂದ ತಕ್ಷಣ ಹುಡುಗನ ಅಪ್ಪ ಫೋನಲ್ಲೇ ‘ನಾನು, ನನ್ನ ತಂಗಿ ಫಿಡಲ್ಲು, ಪಕ್ಕದ ಮನೆಯವನ ಫ್ಲೂಟು, ಆಯ್ತಲ್ಲ’ ಅಂದ್ರು. ಕಾಲರ್‌ನ ಅವರೇ ಕರೆಸ್ತಾರಂತೆ. ಬ್ಯಾಂಡ್‌ಗೆ ಅಡ್ವಾನ್ಸ್ ಕೊಟ್ಟೆ, ಅವರಲ್ಲಿ ಫಿಡಲ್ ನುಡಿಸೋ ಹುಡುಗಿ ಇದಾಳೆ, ಅವಳಿಗೆ ನಮ್ಮ ಕಡೆಯ ಒಂದು ಜಾನಪದ ಮಟ್ಟು ಕಳಿಸಿದೀನಿ. ಡಿಜೆಗೆ ಹದಿನೈದು ಕನ್ನಡ ಹಾಡು, ಹುಬ್ಬಳ್ಳಿ ಅಣ್ಣಾ ನೀವೇ ಲಿಸ್ಟ್ ಕಳಿಸಿ. ನಮ್ಮನೆಯವರು ಒಪ್ಪಿದ್ರು, ಅವರ ಸೂಟಿನ ಬಜೆಟ್ ಕಡಿಮೆ ಆಯ್ತು ಅಷ್ಟೇ. ಮದುವೆ ಆದ್ಮೇಲೆ ಬರೀತೀನಿ.

ಹಾಸನ್_ಡಬ್ಲಿನ್:
ಬರೀತೀನಿ ಅಂದಿದ್ದೆ, ಮೂರು ವಾರ ಆಗೋಯ್ತು, ಕ್ಷಮಿಸಿ. ಎಲ್ಲರನ್ನೂ ಏರ್‌ಪೋರ್ಟಿಗೆ ಬಿಟ್ಟು ಬಂದು ಈಗ ಉಸಿರು ಬಿಡ್ತಿದೀನಿ.

ಮಧ್ಯಾಹ್ನದ ಕೇಲೀನೇ ಇಡೀ ದಿನದ ಜೀವ ಆಗಿದ್ದು. ನಾಲ್ಕೂಕಾಲಿಗೆ ಹಾಲ್‌ನ ಒಂದು ಮೂಲೇಲಿ ಮೂರು ಕುರ್ಚಿ ಹಾಕ್ಕೊಂಡು ಕೂತ್ರು, ಮೈಕು ಇಲ್ಲ ಏನಿಲ್ಲ. ಕಾಲರ್ ಹೆಂಗಸು ಮೊದ್ಲು ಮ್ಯೂಸಿಕ್ ಇಲ್ದೆ ನಡೆಸಿ ತೋರಿಸಿದ್ರು, ಒಂದು ಎರಡು ಮೂರು ಅಂತ, ನಮ್ಮ ಅತ್ತೆಯರಿಬ್ರು ಒಂದೇ ಸಾಲು. ಮೊದಲ ಸುತ್ತಲ್ಲಿ ಎಲ್ಲಾ ಢಿಕ್ಕಿ, ಚಿಕ್ಕಪ್ಪ ಐರಿಷ್ ಸಾಲಿನ ಜೊತೆ ಆ ಕಡೆಗೇ ಹೋಗ್ಬಿಟ್ರು, ಅವರನ್ನ ಹಿಡಿದು ವಾಪಸ್ ಕಳಿಸಿದ್ರು. ಎರಡನೇ ಸುತ್ತಿಗೆ ಸರಿ ಹೋಯ್ತು. ಸೀಜ್ ಆಫ್ ಎನ್ನಿಸ್‌ನಲ್ಲಿ ಕಮಾನು ಎತ್ತಿದಾಗ ಅದರ ಕೆಳಗೆ ಮೈಸೂರು ಸಿಲ್ಕಿನ ಸೀರೆಗಳು ಒಂದರ ಹಿಂದೆ ಒಂದು ನುಗ್ಗಿ ಬರೋದು ನೋಡಿ ನಾನು ಕುಣಿಯೋದು ಬಿಟ್ಟು ನಿಂತುಬಿಟ್ಟೆ. ದೊಡ್ಡಮ್ಮ ಮಂಡಿ ನೋವು ಅಂತ ಕುಣೀಲಿಲ್ಲ, ಕಾನ್ಸರ್ಟೀನಾ ಪಕ್ಕಾನೇ ಕುರ್ಚಿ ಹಾಕಿಸ್ಕೊಂಡು ಕೂತು ಕೈಯಲ್ಲಿ ತಾಳ ಹಾಕ್ತಾ ‘ಇದು ಕೋಲಾಟ ಅಲ್ವೇನೇ, ಕೋಲು ಎಲ್ಲಿ’ ಅಂತ ಕೇಳಿದ್ರು.

ಭಾಷಣ ಮುಕ್ಕಾಲು ಗಂಟೆ ಜಾಸ್ತಿ ಆಯ್ತು. ಬೆಸ್ಟ್ ಮ್ಯಾನ್ ಎಷ್ಟು ನಿಮಿಷ ಮಾತಾಡ್ತಾನೆ ಅಂತ ಟೇಬಲ್‌ಗಳಲ್ಲಿ ಯೂರೋ ಪಂದ್ಯ ಕಟ್ಟಿದ್ರು, ನಮ್ಮ ಮಾವ ಗೆದ್ರು. ಫಸ್ಟ್ ಡ್ಯಾನ್ಸ್ ಆಗುವಾಗ ಹತ್ತಾಗಿತ್ತು, ಆಚೆ ಇನ್ನೂ ಬೆಳಕಿತ್ತು, ನಮ್ಮ ಹಿರಿಯರಲ್ಲಿ ಏಳು ಜನ ಆಗ್ಲೇ ಮಲಗಿದ್ರು, ಆದ್ರೆ ಅವರು ಕುಣಿದು ಮಲಗಿದ್ರು. ಬ್ಯಾಂಡ್ ನಮ್ಮ ಮಟ್ಟನ್ನ ಫಸ್ಟ್ ಡ್ಯಾನ್ಸ್ ಆದ ತಕ್ಷಣ ನುಡಿಸ್ತು, ಫಿಡಲ್ ಹುಡುಗಿ ಕಣ್ಣು ಮುಚ್ಕೊಂಡು ನುಡಿಸಿದ್ಲು, ಡ್ರಮ್ಮರ್ ನಿಧಾನಕ್ಕೆ ಸೇರ್ಕೊಂಡ, ನಮ್ಮಪ್ಪ ಅಳ್ತಾ ಅಮ್ಮನ ಕೈ ಹಿಡ್ಕೊಂಡು ನಡುವೆ ಬಂದ್ರು. ನಾನು ನಮ್ಮಪ್ಪ ಅಮ್ಮ ಜೊತೆಯಾಗಿ ಹೆಜ್ಜೆ ಹಾಕಿದ್ದು ನೋಡಿದ್ದು ಅದೇ ಮೊದಲು.

ಹನ್ನೊಂದೂವರೆಗೆ 1974ರ ಆ ಅಮೆರಿಕನ್ ಡಿಸ್ಕೋ ಹಾಡು ‘ರಾಕ್ ದ ಬೋಟ್’ ಬಂತು, ಇಲ್ಲಿ ಎಲ್ಲಾ ಮದುವೇಲೂ ಅದಕ್ಕೆ ನೆಲದ ಮೇಲೆ ಸಾಲಾಗಿ ಒಬ್ಬರ ಹಿಂದೆ ಒಬ್ಬರು ಕೂತು ದೋಣಿ ಹುಟ್ಟು ಹಾಕಿದ ಹಾಗೆ ಮಾಡ್ತಾರೆ, ಗೊತ್ತಲ್ಲ. ಹುಡುಗನ ಚಿಕ್ಕಜ್ಜನ ಹಿಂದೆ ನಮ್ಮ ಅತ್ತೆ ಕೂತಿದ್ರು. ಪರಿಚಯ ಇಲ್ಲದವರ ಕೈ ಹೇಗೆ ಹಿಡಿಯೋದು ಅಂದಿದ್ರಲ್ಲ, ಅದೇ ಅತ್ತೆ.

ಕುಡ್ಲ_ಗಾಲ್ವೇ:
ಓದಿ ಮೈ ಜುಂ ಅಂತು. ರೆಸಿಡೆಂಟ್ಸ್ ಬಾರಲ್ಲಿ ಹಾಡು ಆಯ್ತಾ? ಅಲ್ಲಿ ಡಿಜೆ ಮುಗಿದ ಮೇಲೆ ಒಬ್ಬೊಬ್ಬರೇ ಹಾಡುವುದು ಉಂಟಲ್ಲ, ನೋಬಲ್ ಕಾಲ್ ಅಂತ, ಹಾಡಿದವರು ಮುಂದಿನವರನ್ನು ಕರೆಯುವುದು.

ಹಾಸನ್_ಡಬ್ಲಿನ್:
ಅದನ್ನೇ ಕೊನೇಗೆ ಅಂತ ಇಟ್ಕೊಂಡಿದ್ದೆ. ಎರಡು ಗಂಟೆ ಮೇಲೆ ಹೋಟೆಲಲ್ಲಿ ಉಳ್ಕೊಂಡವರು ಇಪ್ಪತ್ತು ಇಪ್ಪತ್ತೈದು ಜನ ಆ ಚಿಕ್ಕ ಬಾರಲ್ಲಿ ಕೂತಿದ್ವಿ. ಒಬ್ರು ಹಾಡ್ತಿದ್ರೆ ಸೂಜಿ ಬಿದ್ರೂ ಕೇಳೋ ಅಷ್ಟು ಮೌನ, ಆವಾಗ ಯಾರೂ ಗ್ಲಾಸ್ ಕೂಡ ಕೆಳಗಿಡಲ್ಲ. ಮೂರೂವರೆ ಇರ್ಬೇಕು, ಬಾಗಿಲಲ್ಲಿ ದೊಡ್ಡಮ್ಮ. ಶಾಲು ಹೊದ್ಕೊಂಡು, ಕುಂಕುಮ ಇಟ್ಕೊಂಡು, ಸ್ನಾನ ಮಾಡಿ ಬಂದಿದಾರೆ. ಅವರ ಮೈಗೆ ಅದು ಬೆಳಿಗ್ಗೆ ಎಂಟು ಗಂಟೆ, ಕಾಫಿ ಹುಡುಕ್ಕೊಂಡು ಇಳಿದಿದ್ರು. ಆಗ ತಾನೇ ಹಾಡು ಮುಗಿಸಿದ್ದ ಹುಡುಗನ ಅಪ್ಪ ದೊಡ್ಡಮ್ಮನ ಕಡೆ ಕೈ ತೋರಿಸಿ ‘ನೋಬಲ್ ಕಾಲ್’ ಅಂದ್ರು. ನಾನು ಬೇಡ ಅನ್ನೋಕೆ ಬಾಯಿ ತೆಗೆಯೋ ಅಷ್ಟರಲ್ಲಿ ತಂಗಿ ಅವರಿಗೆ ಅರ್ಥ ಹೇಳ್ಬಿಟ್ಲು. ದೊಡ್ಡಮ್ಮ ಕುರ್ಚಿ ಎಳ್ಕೊಂಡು ಕೂತು, ಅರಕಲಗೂಡು ಕಡೆ ಹೆಣ್ಣು ಒಪ್ಪಿಸಿ ಕೊಡುವಾಗ ಹಾಡ್ತಾರಲ್ಲ, ಆ ಸೋಬಾನೆ ಪದ ಶುರು ಮಾಡಿದ್ರು. ಅವರು ಅದನ್ನ ಫೆಬ್ರವರೀಲಿ ಹಾಸನದ ಛತ್ರದಲ್ಲಿ ಹಾಡ್ಲಿಲ್ಲ, ಮೈಕ್ ಗಲಾಟೆ ಜಾಸ್ತಿ ಇತ್ತು, ಯಾರೂ ಕೇಳಲೂ ಇಲ್ಲ.

ಮೂರನೇ ಸಾಲಿಗೆ ಕಾನ್ಸರ್ಟೀನಾದಲ್ಲಿ ಒಂದೇ ಒಂದು ಸ್ವರ ಹಿಡಿದು ನಿಲ್ಲಿಸಿದ್ರು ಹುಡುಗನ ಅಪ್ಪ, ತಂಬೂರಿ ಥರ. ಪ್ರತಿ ನುಡಿ ಕೊನೇಲಿ ‘ಸೋಬಾನೆ’ ಅಂತ ಬರುತ್ತಲ್ಲ, ನಾಲ್ಕನೇ ನುಡಿಯಿಂದ ಆಚೆಗೆ ಬಾರಲ್ಲಿದ್ದವರೆಲ್ಲ ಅದೊಂದು ಪದ ಹೇಳೋಕೆ ಶುರು ಮಾಡಿದ್ರು.

ಪಿಟೀಲು_ಕಾರ್ಕ್:
ರೆಕಾರ್ಡ್ ಯಾರಾದ್ರೂ ಮಾಡಿದ್ರಾ? ದೊಡ್ಡಮ್ಮನ ಒಪ್ಪಿಗೆ ಇದ್ರೆ ನಂಗೆ ಕಳಿಸಿ, ನಾನು ಕಲೀಬೇಕು ಅದನ್ನ.

ಹುಬ್ಬಳ್ಳಿ_ಲಿಮೆರಿಕ್:
ನನಗ ಮಾತ ಹೊಂಡವಲ್ದು ಅಕ್ಕಾರ. ಡಿಜೆ ಲಿಸ್ಟು ಏನಾತು ಅಂತ ಅಷ್ಟ ಹೇಳ್ರಿ.

ಹಾಸನ್_ಡಬ್ಲಿನ್:
ರೆಕಾರ್ಡ್ ಇದೆ ಸರ್, ತಂಗಿ ಹುಡುಗ ಫೋನಲ್ಲಿ ಪೂರ್ತಿ ಮಾಡಿದಾನೆ, ದೊಡ್ಡಮ್ಮನ್ನ ಕೇಳಿ ಕಳಿಸ್ತೀನಿ. ಹುಬ್ಬಳ್ಳಿ ಅಣ್ಣಾ, ನಿಮ್ಮ ಲಿಸ್ಟ್‌ನ ಹದಿನೈದರಲ್ಲಿ ಒಂಬತ್ತು ಹಾಡು ಬಂತು, ಹನ್ನೆರಡೂವರೆಯಿಂದ. ನಮ್ಮ ಹುಡುಗ್ರ ಜೊತೆ ಐರಿಷ್ ಹುಡುಗ್ರೂ ಕುಣಿದ್ರು, ಆದ್ರೆ ನೀವು ಹೇಳಿದ್ದು ಸರಿ, ಆಗ ಹಿರಿಯರು ಅಪ್ಪ ಅಮ್ಮ ಬಿಟ್ರೆ ಯಾರೂ ಇರ್ಲಿಲ್ಲ. ನಾಲ್ಕು ಹಾಡನ್ನಾದ್ರೂ ಊಟ ಆದ್ಮೇಲೆ ಟೇಬಲ್ ಸರಿಸೋ ಟೈಮಲ್ಲಿ ಹಾಕಿಸ್ಬೇಕಿತ್ತು. ಮುಂದೆ ಮಾಡೋರು ಹಾಗೆ ಮಾಡಿ. ದೊಡ್ಡಮ್ಮ ಊರಿಗೆ ಹೋಗಿ ಹನ್ನೆರಡು ಜೊತೆ ಕೋಲಾಟದ ಕೋಲು ಮಾಡಿಸಿದಾರಂತೆ, ಸೆಪ್ಟೆಂಬರಲ್ಲಿ ತಂಗಿ ಬಂದಾಗ ಕ್ಲೇರ್‌ಗೆ ಕಳಿಸ್ತಾರಂತೆ. ಚೆಕ್-ಇನ್ ಬ್ಯಾಗಲ್ಲಿ ಹಾಕಿದ್ರೆ ಏರ್‌ಪೋರ್ಟಲ್ಲಿ ತೊಂದ್ರೆ ಇಲ್ಲ ತಾನೆ? ಗೊತ್ತಿರೋರು ಹೇಳಿ.